ಜಾಲಕ್ಕೆ ಬೆಸೆದ ಸ್ಮಾರ್ಟ್ ಸಾಧನಗಳು: ತಯಾರಿಸುವ ಮತ್ತು ಬಳಸುವ ಸಂಸ್ಥೆಗಳು ಕಾನೂನು ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು

ಸ್ಮಾರ್ಟ್ ಬೀಗ, ಕ್ಯಾಮೆರಾ, ಕೈಗಡಿಯಾರ, ವಾಹನದ ಟ್ರ್ಯಾಕರ್, ಕಾರ್ಖಾನೆಯ ಸೆನ್ಸರ್ ಇವುಗಳಲ್ಲಿ ಯಾವುದನ್ನೇ ತಯಾರಿಸಲಿ, ಕೊಂಡು ಬಳಸಲಿ, ಸಂಸ್ಥೆಗಳು ಎಡವುವುದು ಬಹುಮಟ್ಟಿಗೆ ಒಂದೇ ಜಾಗದಲ್ಲಿ. ಸಾಧನ ಪೂರ್ತಿ ಸಿದ್ಧವಾಗಿ, ಪೆಟ್ಟಿಗೆಯ ಮೇಲಿನ ಬರಹವೂ ಅಚ್ಚಾದ ಮೇಲೆ, ಯಾವುದೋ ಜಾಲತಾಣದ ಗೌಪ್ಯತಾ ನೀತಿಯನ್ನು ನಕಲು ಮಾಡಿ, ಕಂಪನಿಯ ಹೆಸರು ಬದಲಿಸಿ, ವಕೀಲರ ಮುಂದಿಟ್ಟು ‘ಇಷ್ಟು ಸಾಕೇ’ ಎಂದು ಕೇಳುತ್ತಾರೆ. ಆ ಹೊತ್ತಿಗೆ ವಕೀಲರ ಕೈಯಲ್ಲಿ ಉಳಿದಿರುವುದು ಪದಗಳನ್ನು ತಿದ್ದುವ ಕೆಲಸ ಮಾತ್ರ. ಸಾಧನ ಏನನ್ನು ಸಂಗ್ರಹಿಸುತ್ತದೆ, ಎಲ್ಲಿಗೆ ಕಳಿಸುತ್ತದೆ, ದೋಷ ಕಂಡಾಗ ಅದನ್ನು ಸರಿಪಡಿಸಲು ದಾರಿ ಇದೆಯೇ ಎಂಬ ಪ್ರಶ್ನೆಗಳಿಗೆಲ್ಲ ಚಿಪ್ ಮತ್ತು ಫರ್ಮ್‌ವೇರ್ (ಸಾಧನದೊಳಗೇ ಕೂರಿಸಿದ ತಂತ್ರಾಂಶ) ಆಗಲೇ ಉತ್ತರ ಕೊಟ್ಟುಬಿಟ್ಟಿರುತ್ತವೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಂತಗಳ ಕ್ರಮಕ್ಕೇ ಹೆಚ್ಚಿನ ಒತ್ತು. ಗೌಪ್ಯತಾ ನೀತಿ ಬರೆಯುವ ಕೆಲಸ ಇಲ್ಲಿ ಎಂಟನೆಯ ಹಂತದಲ್ಲಿ ಬರುತ್ತದೆ. ಅದನ್ನು ಮೇಲಕ್ಕೆ ಎಳೆದುಕೊಳ್ಳಬೇಡಿ.

ಶುರುಮಾಡುವ ಮುನ್ನ ಕೈಯಲ್ಲಿ ಇರಬೇಕಾದವು

ಸಾಧನದ ಚಾಲೂ ಮಾದರಿ, ಅದರ ಮೊಬೈಲ್ ಆ್ಯಪ್, ನಿರ್ವಾಹಕರು ಬಳಸುವ ಪುಟಕ್ಕೆ ಪ್ರವೇಶ, ಬಿಡಿಭಾಗಗಳ ಪಟ್ಟಿ, ಫರ್ಮ್‌ವೇರ್ ಹಾಗೂ ಆ್ಯಪ್‌ನಲ್ಲಿ ಸೇರಿರುವ ಎಲ್ಲ ತಂತ್ರಾಂಶ ಘಟಕಗಳ ಪಟ್ಟಿ, ಪೂರೈಕೆದಾರರೊಂದಿಗೆ ಮಾಡಿಕೊಂಡ ಎಲ್ಲ ಕರಾರುಗಳು ಮತ್ತು ಸಾಧನದಿಂದ ಹೊರಹೋಗುವ ಸಂವಹನವನ್ನು ನೋಡಲು ವೈರ್‌ಶಾರ್ಕ್‌ನಂಥ ಒಂದು ಉಪಕರಣ ಬೇಕು. ಘಟಕಗಳ ಪಟ್ಟಿ ಇಲ್ಲ ಎಂದು ಎಂಜಿನಿಯರ್‌ಗಳು ಹೇಳಿದರೆ, ಅದನ್ನು ಸಿದ್ಧಪಡಿಸುವುದೇ ನಿಮ್ಮ ಮೊದಲ ಕೆಲಸ.

ಜನರ ವಿಷಯಕ್ಕೆ ಬಂದರೆ, ವಕೀಲರು ಮತ್ತು ವ್ಯವಸ್ಥಾಪಕರು ಇಬ್ಬರೇ ಕುಳಿತರೆ ಕೆಲಸವಾಗದು. ಫರ್ಮ್‌ವೇರ್ ಬರೆದವರೊಬ್ಬರು, ಖರೀದಿ ವಿಭಾಗದವರೊಬ್ಬರು, ಗ್ರಾಹಕರ ದೂರು ಕೇಳುವವರೊಬ್ಬರು ಜೊತೆಗಿರಬೇಕು. ಈ ಮೂರನೆಯವರನ್ನು ಕರೆಯಲು ಎಲ್ಲರೂ ಮರೆಯುತ್ತಾರೆ; ಆದರೆ ಸಾಧನವನ್ನು ಜನ ನಿಜವಾಗಿ ಹೇಗೆ ಬಳಸುತ್ತಾರೆ, ಎಲ್ಲಿ ಸಿಟ್ಟಾಗುತ್ತಾರೆ ಎಂಬುದು ಗೊತ್ತಿರುವುದು ಅವರಿಗೇ.

ಹಂತ 1: ಕಾನೂನಿನ ಕಣ್ಣಿನಲ್ಲಿ ನೀವು ಯಾರೆಂದು ನಿರ್ಧರಿಸಿ

ತಯಾರಕ, ಆಮದುದಾರ, ವಿತರಕ, ಸೇವೆ ಒದಗಿಸುವವ, ಸಾಧನವನ್ನು ತನ್ನ ವ್ಯವಹಾರದಲ್ಲಿ ಬಳಸುವವ, ಈ ಪಾತ್ರಗಳಿಗೆಲ್ಲ ಹೊಣೆ ಬೇರೆ ಬೇರೆ. ಒಂದೇ ಸಂಸ್ಥೆಗೆ ಎರಡು ಮೂರು ಪಾತ್ರಗಳೂ ಇರಬಹುದು.

ಇಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇದು: ಬೇರೆಲ್ಲೋ ತಯಾರಾದ ಸಾಧನವನ್ನು ತರಿಸಿ, ಮೇಲೆ ತಮ್ಮ ಬ್ರ್ಯಾಂಡ್ ಅಂಟಿಸಿ ಮಾರುವವರು ತಾವು ಬರೀ ವ್ಯಾಪಾರಿಗಳು ಎಂದುಕೊಂಡಿರುತ್ತಾರೆ. ಡಿಜಿಟಲ್ ಉತ್ಪನ್ನಗಳ ಭದ್ರತೆಗೆಂದು ಯುರೋಪಿಯನ್ ಒಕ್ಕೂಟ ಮಾಡಿದ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಪ್ರಕಾರ, ಆಮದುದಾರನಾಗಲಿ ವಿತರಕನಾಗಲಿ ತನ್ನ ಹೆಸರು ಅಥವಾ ಟ್ರೇಡ್‌ಮಾರ್ಕ್‌ನಲ್ಲಿ ಸಾಧನವನ್ನು ಮಾರುಕಟ್ಟೆಗೆ ತಂದರೆ, ಇಲ್ಲವೇ ಅದರಲ್ಲಿ ಗಣನೀಯ ಮಾರ್ಪಾಡು ಮಾಡಿದರೆ, ತಯಾರಕನ ಹೊಣೆಯೆಲ್ಲ ಅವನ ಮೇಲೇ ಬೀಳುತ್ತದೆ. ಫರ್ಮ್‌ವೇರ್‌ನ ಮೂಲ ಸಂಕೇತ (ಸೋರ್ಸ್ ಕೋಡ್) ಕೈಯಲ್ಲಿಲ್ಲದೆ, ಭದ್ರತಾ ಅಪ್‌ಡೇಟ್ ಕೊಡುವ ಶಕ್ತಿಯೂ ಇಲ್ಲದೆ ತಯಾರಕನ ಹೊಣೆ ಹೊರುವುದಕ್ಕಿಂತ ಇಕ್ಕಟ್ಟಿನ ಸ್ಥಿತಿ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ವೈಯಕ್ತಿಕ ಮಾಹಿತಿಯ ವಿಷಯದಲ್ಲಿ ಬೇರೆಯೇ ಪ್ರಶ್ನೆ ಕೇಳಿಕೊಳ್ಳಬೇಕು: ಮಾಹಿತಿಯನ್ನು ಯಾವ ಉದ್ದೇಶಕ್ಕೆ ಬಳಸಬೇಕೆಂದು ತೀರ್ಮಾನಿಸುವವರು ಯಾರು, ಅವರ ಸೂಚನೆಯಂತೆ ಸಂಸ್ಕರಿಸುವವರು ಯಾರು? ನಿಮ್ಮ ಗ್ರಾಹಕ ಸಂಸ್ಥೆಯ ಪರವಾಗಿ ಮಾಹಿತಿ ಇಟ್ಟುಕೊಂಡಿದ್ದೇವೆ ಎನ್ನುತ್ತಲೇ ಅದೇ ಮಾಹಿತಿಯನ್ನು ನಿಮ್ಮ ಉತ್ಪನ್ನ ಸುಧಾರಣೆಗೂ ಬಳಸುತ್ತಿದ್ದರೆ, ಆ ಬಳಕೆಯ ಮಟ್ಟಿಗೆ ತೀರ್ಮಾನಿಸುವವರು ನೀವೇ ಆಗುತ್ತೀರಿ.

ಹಂತ 2: ಮಾಹಿತಿಯ ದಾರಿಯನ್ನು ನಕ್ಷೆಯಾಗಿ ಬರೆಯಿರಿ

ಇಡೀ ಕೆಲಸದ ಬುನಾದಿ ಈ ಹಂತ. ಇದಕ್ಕೆ ತಗಲುವ ಸಮಯವನ್ನು ಉಳಿಸಲು ಹೋಗಬೇಡಿ.

ಒಂದು ಕೋಷ್ಟಕದಲ್ಲಿ ಏಳು ಕಾಲಂ ಮಾಡಿ: ಯಾವ ಮಾಹಿತಿ, ಎಲ್ಲಿ ಹುಟ್ಟುತ್ತದೆ, ಯಾವ ಯಾವ ಕಡೆ ಹೋಗುತ್ತದೆ, ಸರ್ವರ್ ಯಾವ ದೇಶದಲ್ಲಿದೆ, ಯಾರು ಅದನ್ನು ನೋಡಬಲ್ಲರು, ಎಷ್ಟು ಕಾಲ ಉಳಿಯುತ್ತದೆ, ಏತಕ್ಕಾಗಿ ಬೇಕು. ಕೊನೆಯ ಕಾಲಂನಲ್ಲಿ ‘ಮುಂದೆ ಉಪಯೋಗಕ್ಕೆ ಬರಬಹುದು’ ಎಂದು ಬರೆಯಬೇಕಾಗಿ ಬಂದರೆ ಆ ಮಾಹಿತಿಯ ಸಂಗ್ರಹವನ್ನು ನಿಲ್ಲಿಸುವುದೇ ಲೇಸು.

ಒಂದು ಸ್ಮಾರ್ಟ್ ಬೀಗವನ್ನು ತೆಗೆದುಕೊಂಡು ನೋಡೋಣ. ಎಂಜಿನಿಯರ್‌ಗಳನ್ನು ಕೇಳಿದರೆ ಬಾಗಿಲು ತೆರೆದ ಸಮಯ, ತೆರೆದವರ ಗುರುತು, ಬ್ಯಾಟರಿಯ ಮಟ್ಟ ಎಂಬ ಮೂರೇ ಸಂಗತಿ ಹೇಳಿಯಾರು. ಬೀಗವನ್ನೂ ಆ್ಯಪ್ಪನ್ನೂ ಪರೀಕ್ಷಾ ಜಾಲಕ್ಕೆ ಜೋಡಿಸಿ, ಹೊರಹೋಗುವ ಸಂವಹನವನ್ನು ಒಂದು ಪೂರ್ತಿ ದಿನ ದಾಖಲಿಸಿ ನೋಡಿದರೆ ಪಟ್ಟಿ ಉದ್ದವಾಗುತ್ತದೆ. ಮನೆಯ ವೈಫೈ ಹೆಸರು, ಫೋನಿನ ಮಾದರಿ, ಬ್ಲೂಟೂತ್‌ಗಾಗಿ ಕೇಳಿದ ಸ್ಥಳದ ಅನುಮತಿಯಿಂದ ಬಂದ ಸ್ಥಳಮಾಹಿತಿ, ಆ್ಯಪ್ ಕುಸಿದಾಗ ಮೂರನೆಯ ಸಂಸ್ಥೆಯೊಂದರ ವಿಶ್ಲೇಷಣಾ ಸೇವೆಗೆ ಹೋಗುವ ವರದಿ, ಆ ವರದಿಯೊಳಗೆ ಬಳಕೆದಾರರ ಇಮೇಲ್ ವಿಳಾಸ, ಇವೆಲ್ಲ ಸಿಗಬಹುದು. ಯಾರೂ ಬೇಕೆಂದು ಸೇರಿಸಿದ್ದಲ್ಲ. ಸಿದ್ಧ ತಂತ್ರಾಂಶ ಘಟಕವೊಂದರ ಜೊತೆಗೆ ತಾನಾಗಿ ಬಂದದ್ದು. ಆದರೆ ಉತ್ತರ ಹೇಳಬೇಕಾದವರು ನೀವು.

ಒಂದೊಂದೇ ಸಾಲನ್ನು ನೋಡಿದರೆ ನಿರುಪದ್ರವಿಯಾಗಿ ಕಾಣುವ ಮಾಹಿತಿ, ಒಟ್ಟುಗೂಡಿದಾಗ ಬೇರೆಯೇ ಕತೆ ಹೇಳುತ್ತದೆ ಎಂಬುದನ್ನೂ ಇಲ್ಲೇ ಗಮನಿಸಬೇಕು. ಬಾಗಿಲು ತೆರೆದ ಸಮಯಗಳನ್ನು ಒಂದು ತಿಂಗಳು ಪೇರಿಸಿದರೆ ಮನೆ ಯಾವಾಗ ಖಾಲಿ ಇರುತ್ತದೆ, ಯಾರು ರಾತ್ರಿ ತಡವಾಗಿ ಬರುತ್ತಾರೆ ಎಂಬುದೆಲ್ಲ ತಿಳಿಯುತ್ತದೆ. ಸ್ಟ್ರಾವಾ ವ್ಯಾಯಾಮ ಸೇವೆ ಪ್ರಕಟಿಸಿದ್ದ, ಯಾರ ಹೆಸರೂ ಇಲ್ಲದ ಚಟುವಟಿಕೆಯ ನಕ್ಷೆಯಿಂದ 2018ರ ಜನವರಿಯಲ್ಲಿ ಸೇನಾ ನೆಲೆಗಳ ಒಳದಾರಿಗಳು ಕಾಣಿಸಿಕೊಂಡಿದ್ದವು. ‘ನಾವು ಹೆಸರು ತೆಗೆದಿದ್ದೇವೆ’ ಎಂಬ ಸಮಜಾಯಿಷಿ ಅಷ್ಟಕ್ಕಷ್ಟೇ.

ನಕ್ಷೆಯಲ್ಲಿ ಇನ್ನೊಂದು ಸಾಲು ತಪ್ಪದೆ ಇರಲಿ: ಸಾಧನ ಕೊಂಡವರಲ್ಲದೆ ಬೇರೆ ಯಾರ ಮಾಹಿತಿ ಸೇರುತ್ತದೆ? ಬೀಗ ಕೊಂಡವರು ಮನೆಯ ಮಾಲೀಕರು. ದಿನವೂ ಅದನ್ನು ತೆರೆಯುವವರು ಬಾಡಿಗೆದಾರರು. ಕ್ಯಾಮೆರಾ ಕೊಂಡವರು ಒಬ್ಬರು. ಅದರಲ್ಲಿ ಬೀಳುವವರು ಮನೆಗೆಲಸದವರು, ಅತಿಥಿಗಳು, ಪಕ್ಕದ ಮನೆಯವರು. ಕೊಂಡವರು ಆ್ಯಪ್‌ನಲ್ಲಿ ‘ಒಪ್ಪುತ್ತೇನೆ’ ಗುಂಡಿ ಒತ್ತಿದ ಮಾತ್ರಕ್ಕೆ ಇವರೆಲ್ಲರ ಒಪ್ಪಿಗೆ ಸಿಕ್ಕಂತಾಗುವುದಿಲ್ಲ.

ಎಚ್ಚರಿಕೆಯ ಸೂಚನೆ: ಎಂಜಿನಿಯರ್‌ಗಳು ಕೊಟ್ಟ ಪಟ್ಟಿಗೂ ಜಾಲದಲ್ಲಿ ದಾಖಲಾದದ್ದಕ್ಕೂ ತಾಳೆಯಾಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 3: ಯಾವ ಮಾರುಕಟ್ಟೆ, ಯಾವ ಕಾನೂನು ಎಂದು ಹೊಂದಿಸಿ

ನಿಮ್ಮ ಕಚೇರಿ ಎಲ್ಲಿದೆ ಎಂಬುದಕ್ಕಿಂತ ಸಾಧನ ಎಲ್ಲಿ ಮಾರಾಟವಾಗುತ್ತದೆ, ಯಾರ ಮಾಹಿತಿ ಅದರಲ್ಲಿದೆ ಎಂಬುದು ಮುಖ್ಯ. ಮಾರುಕಟ್ಟೆಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಗೌಪ್ಯತೆ, ಸೈಬರ್ ಭದ್ರತೆ, ಉತ್ಪನ್ನ ಸುರಕ್ಷತೆ, ಗ್ರಾಹಕ ರಕ್ಷಣೆ ಎಂಬ ನಾಲ್ಕು ತಲೆಬರಹಗಳ ಕೆಳಗೆ ಅನ್ವಯವಾಗುವ ಕಾನೂನು ಮತ್ತು ಅದು ಜಾರಿಗೆ ಬರುವ ದಿನಾಂಕ ಬರೆಯಿರಿ. ದಿನಾಂಕ ಬಿಟ್ಟರೆ ಪಟ್ಟಿ ನಿರುಪಯೋಗಿ, ಏಕೆಂದರೆ ಈ ಕ್ಷೇತ್ರದ ಕಾನೂನುಗಳು ಕಂತುಕಂತಾಗಿ ಜಾರಿಯಾಗುತ್ತವೆ.

ಯುರೋಪಿಯನ್ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಪ್ರಕಾರ ದಂಡ 2 ಕೋಟಿ ಯೂರೋ ಅಥವಾ ಜಾಗತಿಕ ವಾರ್ಷಿಕ ವಹಿವಾಟಿನ ಶೇ 4, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ಹೋಗಬಹುದು. ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ 2024ರ ಡಿಸೆಂಬರ್ 10ರಂದು ಅಸ್ತಿತ್ವಕ್ಕೆ ಬಂದಿದ್ದು, ಅದರ ವರದಿ ಮಾಡುವ ಕಟ್ಟಳೆಗಳು 2026ರ ಸೆಪ್ಟೆಂಬರ್ 11ರಿಂದ, ಉಳಿದ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಸಾಧನಗಳಿಂದ ಹುಟ್ಟುವ ಮಾಹಿತಿಯ ಹಕ್ಕುಗಳ ಕುರಿತ ಡೇಟಾ ಆ್ಯಕ್ಟ್ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಬ್ರಿಟನ್‌ನಲ್ಲಿ ಗ್ರಾಹಕ ಸಾಧನಗಳ ಭದ್ರತೆಗೆ ಪಿಎಸ್‌ಟಿಐ ಕಾಯ್ದೆಯ ಕಟ್ಟಳೆಗಳು 2024ರ ಏಪ್ರಿಲ್ 29ರಿಂದ ಜಾರಿಯಲ್ಲಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಂಪರ್ಕಿತ ಸಾಧನಗಳ ಕಾನೂನು 2020ರ ಜನವರಿ 1ರಿಂದ ಇದೆ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾಗಿದ್ದು, ಅದರಡಿ ಭದ್ರತಾ ಕ್ರಮಗಳ ವೈಫಲ್ಯಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು.

ಮಕ್ಕಳು ಬಳಸುವ ಸಾಧನವಾದರೆ ಪ್ರತ್ಯೇಕ ಸಾಲು ಬೇಕು. ಮಕ್ಕಳ ಆನ್‌ಲೈನ್ ಗೌಪ್ಯತೆ ಕುರಿತ ಅಮೆರಿಕದ ಕೊಪ್ಪಾ ಕಾನೂನು 13 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿದರೆ, ಭಾರತದ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆನ್ನುತ್ತದೆ. ಒಂದೇ ಆಟಿಕೆಗೆ ಎರಡು ವಯೋಮಿತಿ ಅನ್ವಯಿಸುವಾಗ ಆ್ಯಪ್‌ನಲ್ಲಿ ವಯಸ್ಸು ಕೇಳುವ ಪುಟವನ್ನೇ ಮಾರುಕಟ್ಟೆಗೆ ತಕ್ಕಂತೆ ಬೇರೆಯಾಗಿ ರೂಪಿಸಬೇಕಾಗುತ್ತದೆ. 2017ರ ಫೆಬ್ರುವರಿಯಲ್ಲಿ ಜರ್ಮನಿಯ ದೂರಸಂಪರ್ಕ ನಿಯಂತ್ರಣ ಸಂಸ್ಥೆ ‘ಕೇಲಾ’ ಎಂಬ ಮಾತನಾಡುವ ಗೊಂಬೆಯನ್ನು ಗುಪ್ತ ಕಣ್ಗಾವಲು ಸಾಧನವೆಂದು ಪರಿಗಣಿಸಿ ನಿಷೇಧಿಸಿತು. ಗೌಪ್ಯತಾ ಕಾನೂನನ್ನಷ್ಟೇ ನೋಡಿ ನೆಮ್ಮದಿಯಿಂದಿದ್ದವರಿಗೆ ದೂರಸಂಪರ್ಕ ಕಾನೂನಿನ ದಿಕ್ಕಿನಿಂದ ಹೊಡೆತ ಬೀಳಬಹುದು ಎಂಬುದಕ್ಕೆ ಇದು ನಿದರ್ಶನ.

ಹಂತ 4: ಭದ್ರತೆಯ ಕನಿಷ್ಠ ಅಗತ್ಯಗಳನ್ನು ವಿನ್ಯಾಸದಲ್ಲೇ ಪೂರೈಸಿ

ಭದ್ರತೆ ಇಂದು ಕಾನೂನಿನ ಕಡ್ಡಾಯ. ಶುರುಮಾಡುವವರಿಗೆ ನನ್ನ ಸಲಹೆ, ಗ್ರಾಹಕ ಸಾಧನಗಳ ಭದ್ರತೆಗಾಗಿ ಯುರೋಪಿನ ಮಾನದಂಡ ಸಂಸ್ಥೆ ರೂಪಿಸಿದ ಇಟಿಎಸ್‌ಐ ಇಎನ್ 303 645 ಮಾನದಂಡವನ್ನು ಎದುರಿಗಿಟ್ಟುಕೊಳ್ಳಿ. ಬ್ರಿಟನ್‌ನ ಕಟ್ಟಳೆಗಳು ಇದರ ಮೊದಲ ಮೂರು ಅಂಶಗಳ ಮೇಲೇ ನಿಂತಿವೆ: ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಇರಕೂಡದು, ಭದ್ರತಾ ದೋಷ ಕಂಡವರು ಯಾರಿಗೆ ತಿಳಿಸಬೇಕೆಂಬ ಮಾಹಿತಿ ಪ್ರಕಟವಾಗಿರಬೇಕು, ಭದ್ರತಾ ಅಪ್‌ಡೇಟ್‌ಗಳನ್ನು ಕನಿಷ್ಠ ಎಲ್ಲಿಯವರೆಗೆ ಕೊಡುತ್ತೀರಿ ಎಂಬುದನ್ನು ಸ್ಪಷ್ಟವಾಗಿ ಹೇಳಿರಬೇಕು. ಕ್ಯಾಲಿಫೋರ್ನಿಯಾದ ಕಾನೂನೂ ಪ್ರತಿ ಸಾಧನಕ್ಕೆ ಪ್ರತ್ಯೇಕ ಪಾಸ್‌ವರ್ಡ್, ಇಲ್ಲವೇ ಮೊದಲ ಬಳಕೆಗೆ ಮುನ್ನ ಬಳಕೆದಾರರೇ ಹೊಸದನ್ನು ರೂಪಿಸಿಕೊಳ್ಳುವ ಏರ್ಪಾಡು ಇದ್ದರೆ ಅದನ್ನು ಒಪ್ಪುತ್ತದೆ.

ಇಷ್ಟು ಸಣ್ಣ ಸಂಗತಿಗೆ ಕಾನೂನೇಕೆ ಎನ್ನುವವರು 2016ರ ಮಿರಾಯ್ ದಾಳಿಯನ್ನು ನೆನಪಿಸಿಕೊಳ್ಳಬೇಕು. ಕಾರ್ಖಾನೆಯಲ್ಲೇ ಇಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತ ಆ ಕುತಂತ್ರಾಂಶ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಜಾಲತಾಣಗಳ ವಿಳಾಸ ಹುಡುಕಿಕೊಡುವ ಡಿನ್ ಎಂಬ ಸಂಸ್ಥೆಯ ಮೇಲೆ ನಡೆದ ದಾಳಿಯಿಂದ ಅನೇಕ ದೊಡ್ಡ ಜಾಲತಾಣಗಳು ತಾಸುಗಟ್ಟಲೆ ಸಿಗದಾದವು. ಕ್ಯಾಮೆರಾದ ಮಾಲೀಕರಿಗೆ ಏನೂ ತಿಳಿಯಲೇ ಇಲ್ಲ. ನಷ್ಟವಾದದ್ದು ಮೂರನೆಯವರಿಗೆ, ಆದ್ದರಿಂದ ಗ್ರಾಹಕರ ದೂರುಗಳಿಂದಷ್ಟೇ ಇದು ಸರಿಹೋಗುವಂತಿರಲಿಲ್ಲ.

ಅಪ್‌ಡೇಟ್ ಕಳಿಸುವ ದಾರಿಯನ್ನು ಮೊದಲೇ ಕಟ್ಟಿಕೊಳ್ಳಿ. 2015ರಲ್ಲಿ ಸಂಶೋಧಕರು ಜೀಪ್ ಚೆರೋಕಿ ಕಾರನ್ನು ದೂರದಿಂದಲೇ ನಿಯಂತ್ರಿಸಿ ತೋರಿಸಿದ ಮೇಲೆ ತಯಾರಕ ಸಂಸ್ಥೆ 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ತಿದ್ದಿದ ತಂತ್ರಾಂಶವನ್ನು ಯುಎಸ್‌ಬಿ ಕಡ್ಡಿಯಲ್ಲಿ ಗ್ರಾಹಕರಿಗೆ ಕಳಿಸಬೇಕಾಯಿತು. ಅಪ್‌ಡೇಟ್‌ಗೆ ಡಿಜಿಟಲ್ ಸಹಿ ಇರಬೇಕು, ಅರ್ಧಕ್ಕೆ ನಿಂತರೆ ಸಾಧನ ಹಳೆಯ ಸ್ಥಿತಿಗೆ ಮರಳಬೇಕು, ಫರ್ಮ್‌ವೇರ್‌ಗೆ ಮುಂದಿನ ವರ್ಷಗಳಿಗೆ ಸಾಲುವಷ್ಟು ಮೆಮರಿ ಉಳಿದಿರಬೇಕು. ಈ ಮೂರನೆಯ ಅಂಶ ಬಿಡಿಭಾಗಗಳ ಖರ್ಚು ಉಳಿಸುವ ಭರದಲ್ಲಿ ಕಳೆದುಹೋಗುತ್ತದೆ. ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಪ್ರಕಾರ ಬೆಂಬಲದ ಅವಧಿ ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಇರಬೇಕು. ಸಾಧನದ ನಿರೀಕ್ಷಿತ ಬಳಕೆಯ ಅವಧಿಯೇ ಅದಕ್ಕಿಂತ ಕಡಿಮೆಯಿದ್ದರೆ ಮಾತ್ರ ವಿನಾಯಿತಿ. ಎರಡನೆಯ ವರ್ಷಕ್ಕೇ ಮೆಮರಿ ತುಂಬಿಹೋಗುವ ಚಿಪ್ಪನ್ನು ಆರಿಸುವುದೆಂದರೆ ಕಾನೂನು ಮುರಿಯುವುದನ್ನು ಮುಂಗಡವಾಗಿ ತೀರ್ಮಾನಿಸಿದಂತೆ.

ದೋಷ ವರದಿ ಮಾಡುವವರಿಗೆ ಕೊಟ್ಟ ಇಮೇಲ್ ವಿಳಾಸವನ್ನು ಯಾರಾದರೂ ದಿನವೂ ಓದುತ್ತಿರಬೇಕು. ಸದ್ಭಾವನೆಯಿಂದ ದೋಷ ತಿಳಿಸಿದ ಸಂಶೋಧಕರಿಗೆ ಲೀಗಲ್ ನೋಟಿಸ್ ಕಳಿಸುವ ಚಾಳಿಯನ್ನು ಬಿಡಬೇಕು. ಅದರಿಂದ ದೋಷ ಮುಚ್ಚುವುದಿಲ್ಲ. ಮುಂದಿನ ಸಲ ಅವರು ನಿಮಗೆ ಹೇಳದೆ ಲೋಕಕ್ಕೇ ಹೇಳುತ್ತಾರೆ.

ಹಂತ 5: ರೇಡಿಯೊ, ವಿದ್ಯುತ್, ಬ್ಯಾಟರಿ ಅನುಮತಿಗಳು

ಈ ಭಾಗಕ್ಕೆ ಪ್ರಯೋಗಾಲಯಗಳು, ನಿಗದಿತ ನಮೂನೆಗಳು ಇರುವುದರಿಂದ ಇಲ್ಲಿ ಗೊಂದಲ ಕಡಿಮೆ. ವೈಫೈ, ಬ್ಲೂಟೂತ್ ಅಥವಾ ಮೊಬೈಲ್ ಸಂಪರ್ಕ ಇರುವ ಸಾಧನಕ್ಕೆ ಪ್ರತಿ ಮಾರುಕಟ್ಟೆಯ ರೇಡಿಯೊ ಅನುಮೋದನೆ ಬೇಕು. ಲಿಥಿಯಂ ಬ್ಯಾಟರಿ ಇದ್ದರೆ ಸಾಗಣೆಗೆ ಯುಎನ್ 38.3 ಎಂಬ ಸುರಕ್ಷತಾ ಪರೀಕ್ಷೆಯ ದಾಖಲೆ ಬೇಕು. ಬ್ಲೂಟೂತ್ ಹೆಸರು, ಗುರುತು ಬಳಸಲು ಆ ಮಾನದಂಡ ರೂಪಿಸುವ ಸಂಘದ ಅರ್ಹತಾ ಪ್ರಕ್ರಿಯೆ ಮುಗಿಸಿರಬೇಕು. ಮೊದಲೇ ಪ್ರಮಾಣೀಕೃತವಾದ ರೇಡಿಯೊ ಮಾಡ್ಯೂಲ್ ಬಳಸಿದರೆ ಎಲ್ಲ ಮುಗಿಯಿತು ಎಂದು ನಂಬುವುದು ಸಾಮಾನ್ಯ ತಪ್ಪು: ಆಂಟೆನಾ ಬದಲಾದರೆ, ಎರಡು ಮಾಡ್ಯೂಲ್‌ಗಳು ಒಟ್ಟಿಗೆ ಪ್ರಸಾರ ಮಾಡಿದರೆ ಮರುಪರೀಕ್ಷೆ ಬೇಕಾಗಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಆಗಸ್ಟ್ 1ರಿಂದ ಇಂಟರ್ನೆಟ್‌ಗೆ ಸೇರುವ ರೇಡಿಯೊ ಸಾಧನಗಳ ಅನುಮೋದನೆಯಲ್ಲೇ ಸೈಬರ್ ಭದ್ರತೆಯ ಅಂಶಗಳೂ ಸೇರಿವೆ ಎಂಬುದನ್ನು ಮರೆಯಬೇಡಿ.

ಹಂತ 6: ಬೇರೆಯವರ ತಂತ್ರಾಂಶ, ಬೇರೆಯವರ ಪೇಟೆಂಟ್

ಮೊದಲಲ್ಲಿ ಹೇಳಿದ ತಂತ್ರಾಂಶ ಘಟಕಗಳ ಪಟ್ಟಿಯನ್ನು ಈಗ ಹೊರತೆಗೆಯಿರಿ. ಪ್ರತಿ ಘಟಕದ ಮುಂದೆ ಅದರ ಆವೃತ್ತಿ ಮತ್ತು ಪರವಾನಗಿ ಬರೆಯಿರಿ. ಲಿನಕ್ಸ್ ಕರ್ನೆಲ್, ಬಿಜಿಬಾಕ್ಸ್ ಮುಂತಾದವು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ 2ನೇ ಆವೃತ್ತಿಯ ಅಡಿಯಲ್ಲಿವೆ. ಇವನ್ನು ಒಳಗೊಂಡ ಸಾಧನ ಮಾರುವವರು ಆ ಭಾಗದ ಮೂಲ ಸಂಕೇತವನ್ನು ಜೊತೆಗೇ ಕೊಡಬೇಕು, ಇಲ್ಲವೇ ಕೇಳಿದವರಿಗೆ ಕೊಡುವುದಾಗಿ ಕನಿಷ್ಠ ಮೂರು ವರ್ಷ ಊರ್ಜಿತವಾಗಿರುವ ಲಿಖಿತ ವಾಗ್ದಾನ ನೀಡಬೇಕು. ಜಿಪಿಎಲ್ 3ನೇ ಆವೃತ್ತಿಯ ಘಟಕವಿದ್ದರೆ, ಗ್ರಾಹಕ ಸಾಧನಗಳಲ್ಲಿ ಬದಲಾಯಿಸಿದ ಫರ್ಮ್‌ವೇರ್ ಹಾಕಿಕೊಳ್ಳಲು ಬೇಕಾದ ಮಾಹಿತಿಯನ್ನೂ ಬಳಕೆದಾರರಿಗೆ ಕೊಡಬೇಕಾಗುತ್ತದೆ. ಇದು ನಾಲ್ಕನೆಯ ಹಂತದ ಡಿಜಿಟಲ್ ಸಹಿಯ ಏರ್ಪಾಡಿಗೆ ಅಡ್ಡ ಬರಬಹುದಾದ್ದರಿಂದ ಮೊದಲೇ ತೀರ್ಮಾನಿಸಿ.

ಎಚ್ಚರಿಕೆಯ ಸೂಚನೆ: ಚಿಪ್ ಪೂರೈಕೆದಾರರು ಅಭಿವೃದ್ಧಿ ಕಿಟ್ ಕೊಟ್ಟು, ಮೂಲ ಸಂಕೇತ ಕೇಳಿದರೆ ಜಾರಿಕೊಳ್ಳುತ್ತಿದ್ದರೆ, ನಾಳೆ ನೀವು ಕೊಡಬೇಕಾದದ್ದು ನಿಮ್ಮ ಬಳಿಯೇ ಇರುವುದಿಲ್ಲ.

4ಜಿ, 5ಜಿ, ವೈಫೈ ಮಾನದಂಡಗಳಿಗೆ ಅನಿವಾರ್ಯವಾದ ಪೇಟೆಂಟ್‌ಗಳಿಗೆ ಪರವಾನಗಿ ಶುಲ್ಕ ಚಿಪ್ ಬೆಲೆಯಲ್ಲೇ ಸೇರಿದೆ ಎಂದು ಊಹಿಸಬೇಡಿ. ನೋಕಿಯಾ ಮತ್ತು ಕಾರು ತಯಾರಕ ಡೈಮ್ಲರ್ ನಡುವೆ 2021ರಲ್ಲಿ ಇತ್ಯರ್ಥವಾದ ವ್ಯಾಜ್ಯದ ತಿರುಳೇ ಇದಾಗಿತ್ತು: ಪರವಾನಗಿ ಪಡೆಯಬೇಕಾದವರು ಬಿಡಿಭಾಗ ಮಾಡಿದವರೋ, ಕಾರು ಮಾಡಿದವರೋ? ಪೂರೈಕೆದಾರರೊಂದಿಗಿನ ಕರಾರಿನಲ್ಲಿ ಈ ಪ್ರಶ್ನೆಗೆ ಲಿಖಿತ ಉತ್ತರವಿರಲಿ.

ಹಂತ 7: ಪೂರೈಕೆದಾರರ ಕರಾರುಗಳನ್ನು ಹೊಣೆಗೆ ತಕ್ಕಂತೆ ತಿದ್ದಿ

ಇಲ್ಲಿ ಸೂತ್ರ ಸರಳ: ಕಾನೂನು ನಿಮ್ಮ ಮೇಲೆ ಹೊರಿಸಿದ ಪ್ರತಿಯೊಂದು ಹೊಣೆಗೂ, ಅದನ್ನು ನಿಜವಾಗಿ ನೆರವೇರಿಸಬಲ್ಲವರ ಕರಾರಿನಲ್ಲಿ ಒಂದು ಸಾಲು ಇರಬೇಕು. ನೀವು ಗ್ರಾಹಕರಿಗೆ ಐದು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಹೇಳಿದ್ದು, ಚಿಪ್ ಪೂರೈಕೆದಾರರು ಚಿಪ್ ನಡೆಸುವ ಡ್ರೈವರ್ ತಂತ್ರಾಂಶಕ್ಕೆ ಎರಡೇ ವರ್ಷ ಬೆಂಬಲ ಕೊಡುತ್ತಿದ್ದರೆ, ಉಳಿದ ಮೂರು ವರ್ಷ ನಿಮ್ಮ ತಲೆಯ ಮೇಲೆ. ದೋಷ ತಿಳಿದ ಕೂಡಲೇ ನಿಮಗೆ ಹೇಳಬೇಕಾದ ಕಾಲಾವಧಿಯನ್ನು ದಿನಗಳಲ್ಲಲ್ಲ, ತಾಸುಗಳಲ್ಲಿ ಬರೆಸಿ. ಹತ್ತನೆಯ ಹಂತ ಓದಿದರೆ ಕಾರಣ ತಿಳಿಯುತ್ತದೆ.

ಕ್ಲೌಡ್ ಸೇವೆ, ಆ್ಯಪ್ ತಯಾರಿಸಿದವರು, ದೂರು ವಿಭಾಗ ನಡೆಸುವ ಹೊರಗಿನ ಸಂಸ್ಥೆ ಇವರೆಲ್ಲರೊಂದಿಗೂ ವೈಯಕ್ತಿಕ ಮಾಹಿತಿಯ ಸಂಸ್ಕರಣೆಯ ಬಗ್ಗೆ ಲಿಖಿತ ಒಪ್ಪಂದ ಬೇಕು. ಯಾವ ದೇಶದ ಸರ್ವರ್ ಎಂಬುದು ಎರಡನೆಯ ಹಂತದ ನಕ್ಷೆಯಲ್ಲಿ ಇದ್ದೇ ಇರುತ್ತದೆ; ಅದು ಗಡಿ ದಾಟುವುದಾದರೆ ಆಯಾ ಕಾನೂನು ಒಪ್ಪುವ ವರ್ಗಾವಣೆಯ ವಿಧಾನವನ್ನು ಹೆಸರಿಸಿ ಬರೆಯಿರಿ. ಪೂರೈಕೆದಾರ ಸಂಸ್ಥೆ ಮುಚ್ಚಿಹೋದರೆ ಮೂಲ ಸಂಕೇತ ನಿಮ್ಮ ಕೈಗೆ ಬರುವಂತೆ ಮೂರನೆಯವರ ಬಳಿ ಠೇವಣಿ ಇಡಿಸುವುದು ದುಬಾರಿಯೇನಲ್ಲ, ಆದರೂ ಬಹಳ ಮಂದಿ ಅದನ್ನು ಕೇಳುವುದೇ ಇಲ್ಲ.

ವಿಮೆಯನ್ನೂ ಈಗಲೇ ನೋಡಿ. ಯುರೋಪಿಯನ್ ಒಕ್ಕೂಟದ ಹೊಸ ಉತ್ಪನ್ನ ಹೊಣೆಗಾರಿಕೆ ನಿರ್ದೇಶನವನ್ನು ಸದಸ್ಯ ರಾಷ್ಟ್ರಗಳು 2026ರ ಡಿಸೆಂಬರ್ 9ರೊಳಗೆ ತಮ್ಮ ಕಾನೂನಿಗೆ ಅಳವಡಿಸಬೇಕು. ಅದು ತಂತ್ರಾಂಶವನ್ನೂ ಉತ್ಪನ್ನವೆಂದೇ ಪರಿಗಣಿಸುತ್ತದೆ. ಅಪ್‌ಡೇಟ್ ಕೊಡದ್ದರಿಂದ ಹಾನಿಯಾದರೆ ಸಾಮಾನ್ಯ ಉತ್ಪನ್ನ ವಿಮೆ ತೆರುತ್ತದೆಯೇ, ಸೈಬರ್ ವಿಮೆ ತೆರುತ್ತದೆಯೇ, ಎರಡೂ ಕೈ ಕೊಡುತ್ತವೆಯೇ ಎಂದು ವಿಮಾ ಕಂಪನಿಯಿಂದ ಬರಹದಲ್ಲೇ ಕೇಳಿ ಪಡೆಯಿರಿ.

ಹಂತ 8: ಈಗ ಗೌಪ್ಯತಾ ಸೂಚನೆ ಬರೆಯಿರಿ

ನಕ್ಷೆ ಸಿದ್ಧವಿದ್ದವರಿಗೆ ಇದು ಸುಲಭದ ಕೆಲಸ. ಕೋಷ್ಟಕದ ಪ್ರತಿ ಸಾಲನ್ನೂ ಸರಳ ವಾಕ್ಯವಾಗಿಸಿದರೆ ಸೂಚನೆಯ ಮುಕ್ಕಾಲು ಭಾಗ ಮುಗಿಯಿತು. ಬೀಗಕ್ಕೆ ಪರದೆ ಇರುವುದಿಲ್ಲ, ಸೆನ್ಸರ್‌ಗೆ ಗುಂಡಿಯೂ ಇರುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲೆ ಏನು, ಮೊದಲ ಬಾರಿ ಜೋಡಿಸುವಾಗ ಆ್ಯಪ್‌ನಲ್ಲಿ ಏನು, ಪೂರ್ಣ ಬರಹ ಎಲ್ಲಿ ಎಂದು ಹಂಚಿಕೊಳ್ಳಿ. ಸಾಧನ ಧ್ವನಿ ಅಥವಾ ಚಿತ್ರ ದಾಖಲಿಸುತ್ತಿರುವಾಗ ಎದ್ದುಕಾಣುವ ದೀಪ ಇರಲಿ, ಅದನ್ನು ತಂತ್ರಾಂಶದಿಂದ ಆರಿಸಲು ಬಾರದಂತಿರಲಿ.

ಬೇರೆ ಬೇರೆ ಉದ್ದೇಶಗಳಿಗೆ ಒಂದೇ ಒಪ್ಪಿಗೆಯ ಗುಂಡಿ ಇಡುವುದು ಪದೇ ಪದೇ ಕಾಣುವ ತಪ್ಪು. ಟಿವಿ ನೋಡಲು ಬೇಕಾದ ಮಾಹಿತಿ ಬೇರೆ, ಏನನ್ನು ನೋಡಿದಿರೆಂದು ಜಾಹೀರಾತುದಾರರಿಗೆ ಮಾರುವ ಮಾಹಿತಿ ಬೇರೆ. ವಿಜಿಯೊ ಸಂಸ್ಥೆ 1.1 ಕೋಟಿ ಸ್ಮಾರ್ಟ್ ಟಿವಿಗಳಿಂದ ವೀಕ್ಷಣೆಯ ಮಾಹಿತಿಯನ್ನು ತಕ್ಕ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ ಆರೋಪದ ಮೇಲೆ 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಾಗೂ ನ್ಯೂ ಜೆರ್ಸಿ ರಾಜ್ಯದೊಂದಿಗೆ 22 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅಳಿಸಿ ಎಂದಾಗ ನಿಜವಾಗಿ ಅಳಿಸಬೇಕು: ಅಲೆಕ್ಸಾ ಧ್ವನಿ ಸಹಾಯಕದ ಮೂಲಕ ಬಂದ ಮಕ್ಕಳ ಧ್ವನಿಮುದ್ರಣಗಳನ್ನು ಇಟ್ಟುಕೊಂಡ ಪ್ರಕರಣದಲ್ಲಿ 2023ರಲ್ಲಿ ಅಮೆಜಾನ್ 2.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಅದೇ ವರ್ಷ, ಸಿಬ್ಬಂದಿಯೇ ಗ್ರಾಹಕರ ವಿಡಿಯೊ ನೋಡಲು ಸಾಧ್ಯವಿದ್ದ ಆರೋಪದಲ್ಲಿ ಕ್ಯಾಮೆರಾ ಸಂಸ್ಥೆ ರಿಂಗ್ 58 ಲಕ್ಷ ಡಾಲರ್ ತೆರಲು ಒಪ್ಪಿತು. ಕೋಷ್ಟಕದ ‘ಯಾರು ನೋಡಬಲ್ಲರು’ ಎಂಬ ಕಾಲಂ ಏಕೆ ಬೇಕೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಡೇಟಾ ಆ್ಯಕ್ಟ್ ಇನ್ನೊಂದು ತಿರುವು ತಂದಿದೆ. ಸಾಧನದ ಬಳಕೆಯಿಂದ ಹುಟ್ಟುವ ಮಾಹಿತಿಯನ್ನು ಬಳಕೆದಾರರು ಪಡೆಯುವ, ತಮಗೆ ಬೇಕಾದ ಮೂರನೆಯವರಿಗೆ ಕೊಡಿಸುವ ಹಕ್ಕನ್ನು ಅದು ನೀಡುತ್ತದೆ. ವೈಯಕ್ತಿಕವಲ್ಲದ ಮಾಹಿತಿಯನ್ನು ಸಹ ಬಳಕೆದಾರರೊಂದಿಗಿನ ಕರಾರಿನ ಆಧಾರದ ಮೇಲೆಯೇ ನೀವು ಬಳಸಬಹುದು. ಸಣ್ಣ ಉದ್ಯಮಗಳಿಗೆ ಕೆಲವು ವಿನಾಯಿತಿಗಳಿವೆ. ಉಳಿದವರು, 2026ರ ಸೆಪ್ಟೆಂಬರ್ 12ರ ನಂತರ ಮಾರುಕಟ್ಟೆಗೆ ತರುವ ಸಾಧನಗಳಲ್ಲಿ ಈ ಮಾಹಿತಿ ಬಳಕೆದಾರರಿಗೆ ಸುಲಭವಾಗಿ ಸಿಗುವಂತೆ ವಿನ್ಯಾಸವನ್ನೇ ಮಾಡಬೇಕು. ‘ಯಂತ್ರದ ಮಾಹಿತಿ ನಮ್ಮದು’ ಎಂಬ ಹಳೆಯ ಷರತ್ತನ್ನು ಮಾರಾಟದ ಕರಾರಿನಿಂದ ತೆಗೆಯಿರಿ.

ಹಂತ 9: ಸಾಧನ ಕೊಂಡು ಬಳಸುವ ಸಂಸ್ಥೆಗಳಿಗೆ

ತಯಾರಕರು ಎಲ್ಲವನ್ನೂ ನೋಡಿಕೊಂಡಿದ್ದಾರೆ ಎಂಬ ನಂಬಿಕೆ ಬಳಸುವ ಸಂಸ್ಥೆಗಳ ಮುಖ್ಯ ದೌರ್ಬಲ್ಯ. ಹಾಜರಿಗೆ ಬೆರಳಚ್ಚು ಯಂತ್ರ, ವಾಹನಗಳಿಗೆ ಟ್ರ್ಯಾಕರ್, ಗೋದಾಮಿನಲ್ಲಿ ಕ್ಯಾಮೆರಾ ಹಾಕಿದ ಕ್ಷಣದಿಂದ ನೌಕರರ ಮಾಹಿತಿಗೆ ಹೊಣೆ ನಿಮ್ಮದು. ಅಮೆರಿಕದ ಇಲಿನಾಯ್ ರಾಜ್ಯದ 2008ರ ಬಯೋಮೆಟ್ರಿಕ್ ಕಾನೂನು ಲಿಖಿತ ಒಪ್ಪಿಗೆ ಕೇಳುವುದಲ್ಲದೆ, ಬಾಧಿತರೇ ನೇರವಾಗಿ ದಾವೆ ಹೂಡಲು ಅವಕಾಶ ಕೊಡುತ್ತದೆ. ಪರಿಹಾರದ ಮೊತ್ತ ನಿರ್ಲಕ್ಷ್ಯಕ್ಕೆ 1,000 ಡಾಲರ್, ಉದ್ದೇಶಪೂರ್ವಕವಾದರೆ 5,000 ಡಾಲರ್. ಹಾಜರಿ ಯಂತ್ರ ಇಟ್ಟ ಉದ್ಯೋಗದಾತರ ಮೇಲೂ ಅಲ್ಲಿ ದಾವೆಗಳು ಹೂಡಲ್ಪಟ್ಟಿವೆ.

ನೌಕರರ ‘ಒಪ್ಪಿಗೆ’ಯ ಮೇಲೆ ಹೆಚ್ಚು ಭಾರ ಹಾಕಬೇಡಿ. ಕೆಲಸ ಹೋದೀತೆಂಬ ಅಂಜಿಕೆಯಲ್ಲಿ ಕೊಟ್ಟ ಒಪ್ಪಿಗೆಯನ್ನು ಯುರೋಪಿನ ನಿಯಂತ್ರಣ ಸಂಸ್ಥೆಗಳು ಮುಕ್ತ ಒಪ್ಪಿಗೆಯೆಂದು ಸುಲಭಕ್ಕೆ ಒಪ್ಪುವುದಿಲ್ಲ. ಉದ್ದೇಶವನ್ನು ಬರೆದಿಡಿ, ಅದಕ್ಕೆ ನೌಕರರ ಖಾಸಗಿತನಕ್ಕೆ ಕಡಿಮೆ ಧಕ್ಕೆ ತರುವ ಬೇರೆ ದಾರಿ ಇದೆಯೇ ಎಂದು ನೋಡಿ, ಕೆಲಸದ ಅವಧಿ ಮುಗಿದ ಮೇಲೆ ಟ್ರ್ಯಾಕರ್ ನಿಲ್ಲುವಂತೆ ಮಾಡಿ. ವಾಹನ ಕಳವಿನ ತಡೆಗೆಂದು ಹಾಕಿದ ಟ್ರ್ಯಾಕರ್‌ನ ಮಾಹಿತಿ ಶಿಸ್ತುಕ್ರಮದ ಕಡತದಲ್ಲಿ ಕಾಣಿಸಿಕೊಂಡರೆ ಅದು ಎಚ್ಚರಿಕೆಯ ಗಂಟೆ.

ಖರೀದಿಗೆ ಮುನ್ನ ಮಾರಾಟಗಾರರನ್ನು ಕೇಳಿ: ಅಪ್‌ಡೇಟ್ ಯಾವ ದಿನಾಂಕದವರೆಗೆ, ಅವರ ಸರ್ವರ್ ನಿಂತರೆ ಸಾಧನ ಕೆಲಸ ಮಾಡುತ್ತದೆಯೇ, ನಮ್ಮ ಮಾಹಿತಿಯನ್ನು ಬೇರೆ ಸೇವೆಗೆ ಒಯ್ಯಬಹುದೇ. ಉತ್ತರ ಬಾಯಿಮಾತಿನಲ್ಲಿದ್ದರೆ ಬೆಲೆಯ ಮಾತುಕತೆ ಮುಂದುವರಿಸಬೇಡಿ.

ಹಂತ 10: ಘಟನೆ ನಡೆದಾಗ ಓಡುವ ಗಡಿಯಾರಗಳು

ಸೋರಿಕೆಯೋ ದಾಳಿಯೋ ನಡೆದಾಗ ಹಲವು ಗಡುವುಗಳು ಏಕಕಾಲಕ್ಕೆ ಓಡತೊಡಗುತ್ತವೆ. ಸೈಬರ್ ಘಟನೆಗಳನ್ನು ನಿಭಾಯಿಸುವ ಭಾರತ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ತಾಸಿನೊಳಗೆ ತಿಳಿಸಬೇಕು. ಸಂಪರ್ಕಿತ ಸಾಧನಗಳ ಮೇಲಿನ ದಾಳಿಯೂ ಆ ಪಟ್ಟಿಯಲ್ಲಿದೆ, ಲಾಗ್‌ಗಳನ್ನು (ವ್ಯವಸ್ಥೆಯ ಚಟುವಟಿಕೆಯ ದಾಖಲೆಗಳನ್ನು) 180 ದಿನ ಉಳಿಸಿಕೊಂಡಿರಬೇಕು. ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಅಡಿ, ದುರ್ಬಳಕೆಯಾಗುತ್ತಿರುವ ದೋಷದ ಬಗ್ಗೆ 24 ತಾಸಿನಲ್ಲಿ ಮೊದಲ ಸೂಚನೆ, 72 ತಾಸಿನಲ್ಲಿ ವಿವರ, ಪರಿಹಾರ ಸಿದ್ಧವಾದ 14 ದಿನಗಳಲ್ಲಿ ಅಂತಿಮ ವರದಿ ಕೊಡಬೇಕು. ವರದಿ ಮಾಡುವ ಈ ಹೊಣೆ ಈಗಾಗಲೇ ಮಾರಾಟವಾಗಿರುವ ಸಾಧನಗಳಿಗೂ ಅನ್ವಯ. ಜಿಡಿಪಿಆರ್ ಪ್ರಕಾರ ವೈಯಕ್ತಿಕ ಮಾಹಿತಿಯ ಉಲ್ಲಂಘನೆಯನ್ನು, ಜನರ ಹಕ್ಕುಗಳಿಗೆ ಅಪಾಯವಿಲ್ಲದ ಪ್ರಕರಣದ ಹೊರತು, 72 ತಾಸಿನೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು.

ಈ ಗಡುವುಗಳಲ್ಲಿ ರಜಾದಿನಗಳಿಗೆ ರಿಯಾಯಿತಿ ಇದೆ ಎಂದುಕೊಳ್ಳಬೇಡಿ. ಒಂದೇ ಪುಟದಲ್ಲಿ, ಯಾವ ಪ್ರಾಧಿಕಾರಕ್ಕೆ ಎಷ್ಟು ತಾಸಿನಲ್ಲಿ, ಯಾರು ಕಳಿಸುತ್ತಾರೆ, ಅವರು ಸಿಗದಿದ್ದರೆ ಮತ್ತ್ಯಾರು ಎಂದು ಬರೆದು ಮುದ್ರಿಸಿಡಿ. ಜಾಲವೇ ದಾಳಿಗೊಳಗಾದಾಗ ಕಡತ ಜಾಲದೊಳಗಿದ್ದರೆ ಪ್ರಯೋಜನವಿಲ್ಲ. ಎಂಜಿನಿಯರ್‌ಗಳು ಗಾಬರಿಯಲ್ಲಿ ಸರ್ವರ್ ಅಳಿಸಿ ಹೊಸದಾಗಿ ಕಟ್ಟಿಬಿಡುವುದು ಅತ್ಯಂತ ಸಾಮಾನ್ಯ. ಸಾಕ್ಷ್ಯದ ಪ್ರತಿ ತೆಗೆಯದೆ ಏನನ್ನೂ ಅಳಿಸಕೂಡದೆಂಬ ಸಾಲನ್ನು ಅದೇ ಪುಟದ ತಲೆಯಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಹಂತ 11: ಸೇವೆ ನಿಲ್ಲಿಸುವ ದಿನವನ್ನು ಮೊದಲೇ ಬರೆದಿಡಿ

2016ರ ಮೇ ತಿಂಗಳಲ್ಲಿ ರಿವಾಲ್ವ್ ಎಂಬ ಮನೆಬಳಕೆಯ ನಿಯಂತ್ರಣ ಸಾಧನದ ಸೇವೆಯನ್ನು ನಿಲ್ಲಿಸಿದಾಗ, ಜೀವಿತಾವಧಿ ಸೇವೆಯ ಭರವಸೆಯಲ್ಲಿ ಅದನ್ನು ಕೊಂಡಿದ್ದವರ ಕೈಯಲ್ಲಿ ಕೆಲಸಕ್ಕೆ ಬಾರದ ಪೆಟ್ಟಿಗೆ ಉಳಿಯಿತು. ‘ಜೀವಿತಾವಧಿ’ ಎಂಬ ಮಾತನ್ನು ಜಾಹೀರಾತಿನಲ್ಲಿ ಬಳಸಬೇಡಿ; ದಿನಾಂಕ ಬಳಸಿ. ಸೇವೆ ನಿಲ್ಲುವಾಗ ಎಷ್ಟು ತಿಂಗಳ ಮುಂಚಿತ ಸೂಚನೆ, ಕ್ಲೌಡ್ ಇಲ್ಲದೆ ಸಾಧನದ ಯಾವ ಕೆಲಸಗಳು ಉಳಿಯುತ್ತವೆ, ಗ್ರಾಹಕರು ತಮ್ಮ ಮಾಹಿತಿಯನ್ನು ಹೇಗೆ ಇಳಿಸಿಕೊಳ್ಳಬೇಕು, ನಿಮ್ಮ ಸರ್ವರ್‌ನಲ್ಲಿ ಉಳಿದದ್ದನ್ನು ಯಾವಾಗ ಅಳಿಸುತ್ತೀರಿ ಎಂಬುದು ಮಾರಾಟದ ಷರತ್ತುಗಳಲ್ಲೇ ಇರಲಿ.

ಸಾಧನ ಕೈ ಬದಲಾಯಿಸುವ ಸಂದರ್ಭವನ್ನೂ ಇದೇ ಹಂತದಲ್ಲಿ ಪರೀಕ್ಷಿಸಿ. ಬೀಗವಿರುವ ಮನೆಯನ್ನು ಮಾರಿದ ಮೇಲೆ ಹಳೆಯ ಮಾಲೀಕರ ಫೋನಿನಿಂದ ಬಾಗಿಲು ತೆರೆಯಬಾರದು. ಹೊಸ ಮಾಲೀಕರಿಗೆ ಹಳೆಯವರ ಓಡಾಟದ ದಾಖಲೆ ಕಾಣಬಾರದು. ಮರುಹೊಂದಿಸುವ ಗುಂಡಿ ಒತ್ತಿದಾಗ ಸಾಧನದೊಳಗಿನದ್ದು ಮಾತ್ರ ಅಳಿದು ಕ್ಲೌಡ್ ಖಾತೆಯ ಕೊಂಡಿ ಹಾಗೇ ಉಳಿಯುವ ದೋಷವನ್ನು ಎರಡು ಫೋನ್ ಹಿಡಿದು ಕುಳಿತರೆ ಯಾರು ಬೇಕಾದರೂ ಪತ್ತೆಹಚ್ಚಬಹುದು. ತಾಂತ್ರಿಕ ದಾಖಲೆಗಳ ಕಡತವನ್ನು ಮಾತ್ರ ಮಾರಾಟ ನಿಂತ ಕೂಡಲೇ ವಿಲೇವಾರಿ ಮಾಡಬೇಡಿ: ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಪ್ರಕಾರ ಅದನ್ನು ಸಾಧನ ಮಾರುಕಟ್ಟೆಗೆ ಬಂದ ದಿನದಿಂದ 10 ವರ್ಷ, ಅಥವಾ ಬೆಂಬಲದ ಅವಧಿ ಅದಕ್ಕಿಂತ ದೀರ್ಘವಾಗಿದ್ದರೆ ಅಲ್ಲಿಯವರೆಗೆ, ಕೇಳಿದಾಗ ಕೊಡುವಂತೆ ಇಟ್ಟುಕೊಂಡಿರಬೇಕು.